'ಉಕ್ಕು' ಶಬ್ದದ ನಿಷ್ಪತ್ತಿ ಮತ್ತು ಅರ್ಥ

ಕನ್ನಡದ ಲೋಹವಾಚಕಗಳಲ್ಲಿ 'ಕಬ್ಬಿಣ', 'ಉಕ್ಕು' ಎಂಬೆರಡೂ ಒಂದೇ ಬಗೆಯಲ್ಲಿ ಹುಟ್ಟಿದವಲ್ಲ. ಹಳಗನ್ನಡದ 'ಕರ್ಬುನ'ವೇ ಹೊಸಗನ್ನಡದ 'ಕಬ್ಬಿಣ'. ಇದನ್ನು 'ಕರ್', 'ಪೊನ್' ಎಂದು ಬಿಡಿಸಿ, ಕಪ್ಪು ಲೋಹವೆಂದು ಅರ್ಥ ಹೇಳುವುದುಂಟು. ಇಲ್ಲಿ 'ಪೊನ್' ಎಂಬುದು ಚಿನ್ನವಲ್ಲ, ಲೋಹಸಾಮಾನ್ಯ. ಆದುದರಿಂದ ಈ ಹೆಸರು ಬಣ್ಣದಿಂದ ಬಂದುದು.

'ಉಕ್ಕು' ಎಂಬುದನ್ನಾದರೋ, ಹಾಲು ಉಕ್ಕುವುದೆಂಬಲ್ಲಿಯ ಧಾತುವಿನೊಡನೆ ಕೂಡಿಸಿ, ಕಾದ ಲೋಹವು ಉಕ್ಕಿ ಬರುವುದರಿಂದ ಈ ಹೆಸರಾಯಿತೆನ್ನುವುದು ಸುಲಭ. ಈ ವಿವರಣೆಯು ಕಿವಿಗೆ ಹಿತವಾದರೂ ವಿಚಾರಕ್ಕೆ ನಿಲ್ಲುವುದಿಲ್ಲ. ತಮಿಳಿನಲ್ಲಿ 'ಉರುಕು' ಎಂದರೆ ಕರಗು. 'ಉರುಕ್ಕು' ಎಂದರೆ ಕರಗಿಸಿದುದು, ಉಕ್ಕು. ಕನ್ನಡದಲ್ಲಿಯೂ 'ಉರ್ಕು' ಎಂಬ ಹಳೆಯ ರೂಪವುಂಟು. 'ಬೆರ್ಚು' ಎಂಬುದು 'ಬೆಚ್ಚು' ಆದಂತೆಯೇ 'ಉರ್ಕು' ಎಂಬುದು 'ಉಕ್ಕು' ಆಯಿತು. ಕರಗುವುದೆಂಬ ಅರ್ಥಕ್ಕೆ ಕನ್ನಡವು ಈಗ 'ಕರಗು' ಧಾತುವನ್ನೇ ಬಳಸುವುದರಿಂದ ನಾಮಪದದ ಬೇರು ಮರೆಯಾಗಿದೆ.

ಕೆಲಸದ ಕ್ರಮವೂ ಇದಕ್ಕೆ ಅನುಕೂಲವಾದ ಸಾಕ್ಷ್ಯ. ಕಬ್ಬಿಣದ ತುಂಡುಗಳನ್ನು ಕಟ್ಟಿಗೆ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಇಂಗಾಲವನ್ನು ಹೀರಿದ ಕಬ್ಬಿಣವು ಒಳಗೇ ಕರಗಿ, ಆರಿದ ಮೇಲೆ ಗಟ್ಟಿಯಾಗುತ್ತಿತ್ತು. ಮುಚ್ಚಿದ ಮೂಸೆಯಿಂದ ಉಕ್ಕಿ ಬರುವ ಮಾತಿಲ್ಲ. ಮೈಸೂರು ಸೀಮೆಯಲ್ಲಿ 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಕಬ್ಬಿಣ, ಉಕ್ಕುಗಳ ತಯಾರಿಕೆಯನ್ನು ವರ್ಣಿಸಿದ್ದಾನೆ.

1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಈ ಲೋಹವು 'ವೂಟ್ಸ್' ಎಂದಿದೆ. ಇದು 'ವೂಕ್' ಎಂಬುದರ ತಪ್ಪುಬರಹ, ಮೂಲವು 'ಉಕ್ಕು' ಎಂಬ ಊಹೆ ಪ್ರಸಿದ್ಧವಾಗಿದೆ. ಇದರಿಂದ ಶಬ್ದವು ಕನ್ನಡದ್ದೇ ಎಂದು ಹೆಮ್ಮೆಪಡುವುದು ಮಾತ್ರ ನ್ಯಾಯವಲ್ಲ. ತೆಲುಗಿನಲ್ಲಿಯೂ 'ಉಕ್ಕು' ಇದೆ. ದ್ರಾವಿಡ ಭಾಷೆಗಳ ಸಮಾನ ಸ್ವತ್ತೆಂದರೆ ಸಾಕು; ಅದರಿಂದ ಕನ್ನಡಕ್ಕೆ ಕುಂದಿಲ್ಲ.

ಅರ್ಥದಲ್ಲಿಯೂ ಈ ಎರಡು ಶಬ್ದಗಳು ದೂರವಾಗಿವೆ. ತಿಳಿಯಲು ಕಷ್ಟವಾದುದು 'ಕಬ್ಬಿಣದ ಕಡಲೆ'. ಕದಲದ ದೃಢತೆಯುಳ್ಳವನು 'ಉಕ್ಕಿನ ಮನುಷ್ಯ'. ಒಂದು ಕಾಠಿಣ್ಯವನ್ನೂ ಇನ್ನೊಂದು ಸತ್ತ್ವವನ್ನೂ ಸೂಚಿಸುತ್ತದೆ. ಬೆಂಗಳೂರಿನ ಬೊಮ್ಮನಹಳ್ಳಿಯಂತಹ ಕೈಗಾರಿಕಾ ಪ್ರದೇಶಗಳ ಆಡುಮಾತಿನಲ್ಲಿ ಇಂದು 'ಸ್ಟೀಲು' ನೆಲೆಗೊಂಡಿದೆ; ಅಡಿಗೆಮನೆಯ ಪಾತ್ರೆಯೂ 'ಸ್ಟೀಲು ಪಾತ್ರೆ'ಯೇ, 'ಉಕ್ಕಿನ ಪಾತ್ರೆ'ಯಲ್ಲ. ಮೂಸೆಯ ಕುಶಲತೆಯನ್ನು ಹೆಸರಿನಲ್ಲಿಯೇ ಉಳಿಸಿಕೊಂಡ ಶಬ್ದವು ಕೇವಲ ರೂಪಕವಾಗಿ ಸವೆಯದಂತೆ, ನಿಘಂಟುಗಳು 'ಉಕ್ಕು' ಕ್ರಿಯಾಪದವನ್ನೂ 'ಉಕ್ಕು' ನಾಮಪದವನ್ನೂ ಬೇರೆ ಬೇರೆ ಮೂಲಗಳ ಕೆಳಗೆ ಕೊಡುವುದು ಯುಕ್ತ.