ಗಾನಮುದ್ರಿಕೆಗಳೂ ಅವುಗಳ ಅರ್ಥವಾದವೂ

ಓಲೆಗರಿಗಳನ್ನು ಸಂಗ್ರಹಿಸುವವರಂತೆಯೇ ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸುವವರೂ ನಮ್ಮ ನಾಡಿನಲ್ಲಿ ಹಲವರಿದ್ದಾರೆ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳನ್ನೂ, ಆಮೇಲೆ ಬಂದ 45 ಸುತ್ತಿನ ವಿನೈಲ್ ತಟ್ಟೆಗಳನ್ನೂ ಹಳೆಯ ಸಾಮಾನಿನ ಅಂಗಡಿಗಳಿಂದಲೂ ಮನೆಗಳ ಅಟ್ಟಗಳಿಂದಲೂ ತಂದು, ಧೂಳೊರಸಿ, ಕಾಪಾಡುವ ಈ ಮಹನೀಯರ ಉಪಕಾರವು ಅಲ್ಪವಾದುದಲ್ಲ. ಇವರು ತಟ್ಟೆಯೊಡನೆ ಅದರ ಕಥೆಯನ್ನೂ ಸಂಗ್ರಹಿಸುತ್ತಾರೆ. ಇದನ್ನು ಮೊದಲು ಹಾಡಿದವರಾರು, ಹಾಡುವ ಪ್ರಸಂಗ ಹೇಗೆ ಒದಗಿತು, ಯಾರು ಯಾರಿಗೆ ಬದಲಾಗಿ ಹಾಡಿದರು ಎಂಬ ವೃತ್ತಾಂತಗಳು ಹಾಡಿಗಿಂತಲೂ ಹೆಚ್ಚಿನ ಆದರದಿಂದ ಬಾಯಿಂದ ಬಾಯಿಗೆ ಸಾಗುತ್ತಿರುವುವು. ಈ ಕಥೆಗಳಿಗೆ ಎಷ್ಟರ ಮಟ್ಟಿನ ಪ್ರಾಮಾಣ್ಯವುಂಟೆಂದು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಹೆಮ್ಮಿಗೆಯ ಸೀಮೆಯವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ತಲಕಾಡಿನ ಮರಳಿಗೆ ಅಲಮೇಲಮ್ಮನ ಶಾಪವೇ ಕಾರಣವೆಂಬ ಕಥೆಯನ್ನು ಇಲ್ಲಿಯ ಮಕ್ಕಳೂ ಬಲ್ಲರು. ಆದರೆ ಅಲ್ಲಿಯ ದೇವಾಲಯಗಳ ಕಾಲವನ್ನು ನಿರ್ಣಯಿಸಬೇಕಾದಾಗ ನಾವು ಶಾಪದ ಕಥೆಯನ್ನು ಕೇಳದೆ, ರೈಸ್ ಸಾಹೇಬರು 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವನ್ನು ತೆರೆಯುತ್ತೇವೆ. ಗ್ರಾಮಫೋನ್ ತಟ್ಟೆಗೂ ಇಂತಹುದೇ ಶಾಸನವೊಂದುಂಟು. ಧ್ವನಿರೇಖೆಗಳು ಮುಗಿದ ಮೇಲೆ ನಡುವಣ ಕಾಗದದ ಚೀಟಿಯವರೆಗೆ ಉಳಿಯುವ ನುಣುಪಾದ ವಲಯದಲ್ಲಿ ಅಚ್ಚಿನ ಸಂಖ್ಯೆಯನ್ನು ಕೊರೆದಿರುತ್ತಾರೆ. ಚೀಟಿ ಹರಿಯಬಹುದು, ಬದಲಾಗಬಹುದು. ಕೊರೆದ ಸಂಖ್ಯೆ ಉಳಿಯುವುದು. ಕಂಪೆನಿಯ ದಾಖಲೆಪುಸ್ತಕದೊಡನೆ ಅದನ್ನು ಹೋಲಿಸಿದರೆ ಧ್ವನಿಗ್ರಹಣದ ಕಾಲವು ಬಹುಮಟ್ಟಿಗೆ ಗೊತ್ತಾಗುವುದು.

ಇನ್ನು ಕಥೆಗಳ ವಿಷಯ. ಹೇಳಿದವನು ಇಂತಹವನೆಂಬ ನಿರ್ದೇಶವಿಲ್ಲದೆ ಪರಂಪರೆಯಾಗಿ ಬಂದ ಮಾತನ್ನು ನೈಯಾಯಿಕರು ಐತಿಹ್ಯವೆನ್ನುತ್ತಾರೆ. ಅದನ್ನು ಸ್ವತಂತ್ರ ಪ್ರಮಾಣವೆಂದು ಅವರು ಒಪ್ಪುವುದಿಲ್ಲ. ಮೀಮಾಂಸಕರಾದರೋ ಸ್ತುತಿಪರವಾದ ವಾಕ್ಯಗಳನ್ನು ಅರ್ಥವಾದವೆಂದು ಕರೆದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಬೇರೆ ಪ್ರಮಾಣಕ್ಕೆ ವಿರುದ್ಧವಾದುದು ಗುಣವಾದ, ಬೇರೆ ಪ್ರಮಾಣದಿಂದ ಸಿದ್ಧವಾದುದನ್ನೇ ಹೇಳುವುದು ಅನುವಾದ, ವಿರೋಧವೂ ಇಲ್ಲದೆ ಸಿದ್ಧಿಯೂ ಇಲ್ಲದೆ ಇರುವುದು ಭೂತಾರ್ಥವಾದ. ಈ ವಿಭಾಗವು ಗಾನಮುದ್ರಿಕೆಗಳ ಕಥೆಗಳಿಗೆ ಚೆನ್ನಾಗಿ ಹೊಂದುವುದೆಂದು ನನ್ನ ಅಭಿಪ್ರಾಯ.

ಮೊದಲನೆಯದಕ್ಕೆ ಉದಾಹರಣೆ ಗೌಹರ್ ಜಾನರ ವೃತ್ತಾಂತ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಗೆ ಬಂದು ಧ್ವನಿಗ್ರಹಣ ಮಾಡಿದನು. ಹಾಡಿನ ಕೊನೆಯಲ್ಲಿ ಗೌಹರ್ ಜಾನರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುವುದು ಪ್ರಸಿದ್ಧವಾಗಿದೆ. ಇದನ್ನು ಕೆಲವರು ಗರ್ವವೆಂದು ಬಗೆಯುತ್ತಾರೆ. ಆ ಕಾಲದಲ್ಲಿ ಅಚ್ಚುಗಳು ಜರ್ಮನಿಯ ಹಾನೋವರಿಗೆ ಹೋಗಿ ತಟ್ಟೆಗಳಾಗಿ ಬರಬೇಕಾಗಿದ್ದಿತು. ನಮ್ಮ ಭಾಷೆಗಳನ್ನರಿಯದ ಅಲ್ಲಿಯ ಕೆಲಸಗಾರರಿಗೆ ಹೆಸರು ತಿಳಿಯಲೆಂದೇ ಈ ಘೋಷಣೆ. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಹೆಸರು ಬರೆಯುವುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಇವರೇ ಭಾರತದಲ್ಲಿ ತಟ್ಟೆಗೆ ಹಾಡಿದ ಪ್ರಥಮರೆಂಬ ಮಾತಂತೂ ಎಲ್ಲೆಡೆಯೂ ಹರಡಿದೆ. ಆದರೆ ಕಂಪೆನಿಯ ದಾಖಲೆಗಳನ್ನು ಶೋಧಿಸಿ ಮೈಕೆಲ್ ಕಿನ್ನಿಯರ್ ಅವರು 1994ರಲ್ಲಿ ಪ್ರಕಟಿಸಿದ ಪಟ್ಟಿಯಂತೆ, ಅದೇ ತಿಂಗಳು ಕೆಲವು ದಿನಗಳ ಮುಂಚೆ ಶಶಿಮುಖಿ, ಫಣಿಬಾಲಾ ಎಂಬ ರಂಗಭೂಮಿಯ ಇಬ್ಬರು ಗಾಯಿಕೆಯರು ಹಾಡಿದ್ದರು. ಹೀಗೆ ಆ ಮಾತು ಗುಣವಾದ. ಗೌಹರರ ಕೀರ್ತಿ ಇದರಿಂದ ಕುಂದುವುದಿಲ್ಲ. ಆದರೆ ಆ ಸ್ತುತಿಗಾಗಿ ಇಬ್ಬರ ಹೆಸರು ಅಳಿದುಹೋಯಿತೆಂಬುದನ್ನು ಮರೆಯಲಾಗದು.

ಗೌಹರರ ಕೊನೆಯ ದಿನಗಳು ಮೈಸೂರಿಗೇ ಸೇರಿದುವು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಅರಮನೆಯ ವಿದುಷಿಯರನ್ನಾಗಿ ನಿಯಮಿಸಿದರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿಯೇ ತೀರಿಕೊಂಡರು. ಇದನ್ನು ಜನಶ್ರುತಿಯಿಂದಲ್ಲ, ಮೈಸೂರಿನ ಕಡತಗಳಿಂದ ವಿಕ್ರಮ್ ಸಂಪತ್ ಅವರು ವಿಶದಪಡಿಸಿದ್ದಾರೆ.

ಅದ್ಭುತವಾಗಿ ತೋರುವುದೆಲ್ಲ ಸುಳ್ಳೆಂದೂ ತಿಳಿಯಬಾರದು. ಜಯಚಾಮರಾಜ ಒಡೆಯರ ಬಳಿ ಸುಮಾರು 20,000 ತಟ್ಟೆಗಳಿದ್ದುವೆಂದು ಆ ಕಾಲದವರ ಅಂದಾಜು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳು ತಟ್ಟೆಗಳಾಗಿ ಬರಲೆಂದು ಈ ಪ್ರಭುಗಳು ದ್ರವ್ಯವನ್ನಿತ್ತರು. ಮೆಟ್ನರನು ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದನು. ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತಗಳನ್ನು 1950ರ ಮೇ 22ರಂದು ಲಂಡನ್ನಿನಲ್ಲಿ ಫ್ಲಾಗ್‌ಸ್ಟಾಡ್ ಎಂಬಾಕೆ ಪ್ರಪ್ರಥಮವಾಗಿ ಹಾಡಿದಾಗಲೂ ಅದರ ವೆಚ್ಚಕ್ಕೆ ಹೊಣೆನಿಂತವರು ಇವರೇ. ಮೈಸೂರಿನ ದೊರೆಗೂ ಆ ದೂರದೇಶದ ಗೀತಗಳಿಗೂ ಏನು ಸಂಬಂಧವೆಂದು ಸಂಶಯಪಡುವವನಿಗೆ ಅರ್ಪಣಪತ್ರ, ಮುದ್ರಿಕೆಗಳು, ಪತ್ರವ್ಯವಹಾರಗಳು ಉತ್ತರಕೊಡುವುವು. ಇದು ಅನುವಾದದ ಬಗೆ. ಕಥೆ ಹೇಳುವುದನ್ನೇ ದಾಖಲೆಯೂ ಹೇಳುತ್ತದೆ.

ಇವೆರಡೂ ಹೀಗಿರಲು, ನಮ್ಮ ಸಂಗ್ರಾಹಕರಿಗೆ ಪ್ರಿಯತಮವಾದ ಚಲನಚಿತ್ರಗೀತಗಳಿಗೆ ಬರೋಣ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಡಾ. ರಾಜಕುಮಾರರು ಹಾಡಿದ ಹಾಡಿನ ವಿಷಯವಾಗಿ ಒಂದು ಕಥೆಯುಂಟು: ಅದುವರೆಗೆ ಅವರಿಗೆ ಕಂಠವಿತ್ತಿದ್ದ ಪಿ. ಬಿ. ಶ್ರೀನಿವಾಸರು ಆ ಹೊತ್ತಿಗೆ ಒದಗದೆ ಹೋದುದರಿಂದ ಸಂಗೀತನಿರ್ದೇಶಕ ಜಿ. ಕೆ. ವೆಂಕಟೇಶರು ನಟನಿಂದಲೇ ಹಾಡಿಸಿದರು, ಅಂದೇ ಗಾಯಕನ ಜನನವಾಯಿತು ಎಂದು. ಈ ಕಥೆಯಲ್ಲಿ ಎರಡು ಪದರಗಳಿವೆ. ಶ್ರೀನಿವಾಸರು ಒದಗದೆ ಹೋದರೆಂಬುದು ಭೂತಾರ್ಥವಾದ; ಅದಕ್ಕೆ ಕಾರಣವನ್ನು ಒಬ್ಬೊಬ್ಬರು ಒಂದೊಂದಾಗಿ ಹೇಳುವರು, ನಿರಾಕರಿಸುವುದಕ್ಕೂ ಆಧಾರವಿಲ್ಲ. ಅಂದೇ ಗಾಯಕನ ಜನನವೆಂಬುದಾದರೋ ಗುಣವಾದ. ಏಕೆಂದರೆ 1956ರ 'ಓಹಿಲೇಶ್ವರ'ದಲ್ಲಿಯೂ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರೊಡನೆಯೂ ಅವರು ಹಾಡಿದ್ದರು.

ತಿದ್ದಬೇಕಾದುದು ವರ್ಷವೊಂದೇ ಅಲ್ಲ. ರಾಜಕುಮಾರರು ಎಳೆಯ ವಯಸ್ಸಿನಲ್ಲಿಯೇ ತಂದೆಯೊಡನೆ ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಬೆಳೆದವರು. ಅಲ್ಲಿ ಹಾಡಲಾರದವನಿಗೆ ಮುಖ್ಯಪಾತ್ರವಿಲ್ಲ. ದೀಪಗಳ ಮುಂದೆ ನಿಂತು ಹಿಂದಿನ ಸಾಲಿನವರೆಗೂ ಕೇಳುವಂತೆ ಕಂದವನ್ನೂ ಪದವನ್ನೂ ಹೇಳಬೇಕು. 1974ರ ತಟ್ಟೆಯಲ್ಲಿ ಕೇಳಿಬರುವ ಸ್ಫುಟವಾದ ಅಕ್ಷರೋಚ್ಚಾರ, ಅರ್ಥಕ್ಕೆ ತಕ್ಕ ನಿಲುಗಡೆ, ಮಾತಿನಿಂದ ಹಾಡಿಗೆ ಏರುವ ಸಹಜತೆ, ಇವೆಲ್ಲವೂ ಆ ಶಾಲೆಯ ಗುಣಗಳು. ಆಕಸ್ಮಿಕದ ಕಥೆಯು ಈ ಶಿಕ್ಷಣದ ಋಣವನ್ನು ಮರೆಸುತ್ತದೆ. ನಾಟಕದ ಕಂಪೆನಿಗಳಿಗೆ ಸಲ್ಲಬೇಕಾದ ಗೌರವವನ್ನು ಒಂದು ದಿನದ ದೈವಯೋಗಕ್ಕೆ ಒಪ್ಪಿಸುತ್ತದೆ. ಕಲ್ಕತ್ತೆಯ ಇಬ್ಬರು ಗಾಯಿಕೆಯರಿಗೆ ಆದುದೇ ಇಲ್ಲಿ ಕಂಪೆನಿಯ ಅಜ್ಞಾತ ಶಿಕ್ಷಕರಿಗೂ ಆಗಿದೆ.

ತಟ್ಟೆಯ ರೂಪವನ್ನು ನೋಡಿ ಕಾಲ ಹೇಳುವವರಿಗೂ ಒಂದು ಎಚ್ಚರಿಕೆ ಸಲ್ಲತಕ್ಕದ್ದು. ಅಮೆರಿಕದಲ್ಲಿ 45 ಸುತ್ತಿನ ತಟ್ಟೆ 1949ರಲ್ಲಿಯೇ ಬಂದಿತಾದರೂ, ನಮ್ಮ ದೇಶದಲ್ಲಿ ಅರಗಿನ ತಟ್ಟೆಗಳು 1960ರ ದಶಕದಲ್ಲಿಯೂ ತಯಾರಾಗುತ್ತಿದ್ದುವು. ಬೀಟಲ್ಸ್ ಎಂಬ ಆಂಗ್ಲ ಗಾಯಕವೃಂದದ ಹಾಡುಗಳು ಸಹ ಇಲ್ಲಿ 78 ಸುತ್ತಿನ ತಟ್ಟೆಗಳಾಗಿ ಬಂದುವು. ವಿದೇಶದ ಸಂಗ್ರಾಹಕರು ಅವನ್ನು ಇಂದಿಗೂ ಅರಸುತ್ತಾರೆ. ಪ್ರತಿಯ ರೂಪ ಹಳೆಯದಾದ ಮಾತ್ರಕ್ಕೆ ಕೃತಿಯೂ ಹಳೆಯದಾಗದು.

ಹಾಗಾದರೆ ಕಥೆಗಳನ್ನು ಬಿಟ್ಟುಬಿಡಬೇಕೆ? ಬಿಡಬಾರದು. ಅರ್ಥವಾದವು ನಿರರ್ಥಕವೆಂದು ಮೀಮಾಂಸಕರೂ ಹೇಳಲಿಲ್ಲ. ಜನರು ಯಾವುದನ್ನು ಮೆಚ್ಚಿದರೆಂಬುದನ್ನು ಅದು ತಿಳಿಸುತ್ತದೆ. ಆದುದರಿಂದ ಸಂಗ್ರಾಹಕರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಪ್ರತಿಯೊಂದು ತಟ್ಟೆಗೂ ಮೂರು ಅಂಕಣಗಳ ಪಟ್ಟಿಯನ್ನಿಡಿರಿ. ಮೊದಲನೆಯದರಲ್ಲಿ ತಟ್ಟೆಯ ಮೇಲಿರುವುದನ್ನು, ಕೊರೆದ ಸಂಖ್ಯೆಯೂ ಸೇರಿದಂತೆ, ಯಥಾವತ್ತಾಗಿ ಬರೆಯಿರಿ. ಎರಡನೆಯದರಲ್ಲಿ ದಾಖಲೆಪುಸ್ತಕ, ವೃತ್ತಪತ್ರಿಕೆ, ಕಡತಗಳಿಂದ ದೊರೆತುದನ್ನು ಬರೆಯಿರಿ. ಮೂರನೆಯದರಲ್ಲಿ ಕೇಳಿದ ಕಥೆಯನ್ನೂ, ಹೇಳಿದವರು ಯಾರು, ಯಾವಾಗ ಹೇಳಿದರೆಂಬುದನ್ನೂ ಬರೆಯಿರಿ. ವಕ್ತೃವಿನ ಹೆಸರು ದೊರೆತೊಡನೆ ಐತಿಹ್ಯವು ಆಪ್ತವಾಕ್ಯವೋ ಅಲ್ಲವೋ ಎಂಬ ಪರೀಕ್ಷೆಗೆ ಅರ್ಹವಾಗುತ್ತದೆ. ತಟ್ಟೆಗಳು ಸವೆಯುತ್ತಲಿವೆ, ಬಲ್ಲವರು ವೃದ್ಧರಾಗುತ್ತಲಿದ್ದಾರೆ. ಈ ಕೆಲಸವು ವಿಳಂಬವನ್ನು ಸಹಿಸದು.