ಅಗ್ಗದ ತಂತ್ರಾಂಶ, ದುಬಾರಿ ಒಂದು ಸಾಲು

ಪೀಣ್ಯದಲ್ಲಿ ಗೆಳೆಯನದೊಂದು ಸಣ್ಣ ವರ್ಕ್‌ಶಾಪ್ ಇದೆ. ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ), ಎರಡು ಹಳೆಯ ಲೇತ್, ನಾಲ್ಕು ಜನ. ಶನಿವಾರ ಮಧ್ಯಾಹ್ನ ನಾನಲ್ಲಿ ಹೋಗಿ ಕೂರುವುದು ಎಂಡ್‌ಮಿಲ್ ಲೋಹ ಕೆರೆಯುವ ಸದ್ದು ಕೇಳುವುದಕ್ಕೆ. ಸಂಗೀತ ಕಚೇರಿ ಕೇಳುವ ಚಟವಿದ್ದವರಿಗೆ ಇದು ಅರ್ಥವಾದೀತು.

ಈಚೆಗೆ ಅವನು ಕ್ಯಾಮ್ ತಂತ್ರಾಂಶ ಬದಲಿಸಿದ. ಕಟರ್ ಎಲ್ಲಿ ಇಳಿಯಬೇಕು, ಯಾವ ದಾರಿಯಲ್ಲಿ ಓಡಬೇಕು ಎಂದು ಲೆಕ್ಕ ಹಾಕಿಕೊಡುವುದು ಅದರ ಕೆಲಸ. ಹಳೆಯದಕ್ಕೆ ವರ್ಷ ವರ್ಷ ಎಎಂಸಿ ಕಟ್ಟಿ ಸಾಕಾಗಿತ್ತು. "ನಾನು ಮಾಡೋದು ಪ್ಲೇಟು, ಬ್ರಾಕೆಟ್ಟು. ಟರ್ಬೈನ್ ಬ್ಲೇಡ್ ಮಾಡೋರ ಸಾಫ್ಟ್‌ವೇರ್ ನನಗ್ಯಾಕಪ್ಪ?" ಎಂಬುದು ಅವನ ವಾದ. ಒಪ್ಪುವ ಮಾತೇ. ಫೇಸಿಂಗ್, ಪಾಕೆಟ್, ತೂತು, ಚಾಂಫರ್ ಇಷ್ಟೇ ಇರುವ ಅಂಗಡಿಗೆ ಐದು ಆಕ್ಸಿಸ್‌ನ ವೈಭವ ಬೇಡ. ಕಾಸಿಲ್ಲದೆ ಸಿಗುವ ಫ್ರೀಕ್ಯಾಡ್ 2024ರ ನವೆಂಬರಿನಲ್ಲಿ 1.0 ಆವೃತ್ತಿ ಮುಟ್ಟಿತು. ಕ್ಯಾಮ್ ಅದರೊಳಗೇ ಇದೆ. ಆದರೆ ಉಚಿತ ಎಂದದ್ದೆಲ್ಲ ಬಿಲ್ ಹಾಕುವ ಅಂಗಡಿಗೆ ಒದಗುವುದಿಲ್ಲ. ಫ್ಯೂಷನ್ (ಹಿಂದಿನ ಫ್ಯೂಷನ್ 360) ತಂತ್ರಾಂಶದ ಉಚಿತ ಪರವಾನಗಿ ಹವ್ಯಾಸಿಗಳ ಸ್ವಂತ ಬಳಕೆಯದು. 2020ರ ಅಕ್ಟೋಬರಿನಿಂದ ಅದರಲ್ಲಿ ರ‍್ಯಾಪಿಡ್ ಚಲನೆಗೂ ತಾನಾಗಿ ಟೂಲ್ ಬದಲಿಸುವುದಕ್ಕೂ ಕತ್ತರಿ ಬಿದ್ದಿದೆ.

ಬದಲಿಸುವ ಮುನ್ನ ಒಂದು ಪರೀಕ್ಷೆ ಮಾಡಿದೆವು. ಅಲ್ಯೂಮಿನಿಯಂನಲ್ಲಿ ಒಂದೇ ಪಾಕೆಟ್, ಒಂದೇ 10 ಎಂಎಂ ಎಂಡ್‌ಮಿಲ್, ಎರಡು ತಂತ್ರಾಂಶ. ಸಾದಾ ದಾರಿಯಲ್ಲಿ ಕಟರ್ ಮೂಲೆಗೆ ಬಂದೊಡನೆ ಲೋಹ ಅದನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ, ಕಿರ್ರನೆ ಕಿರುಚುತ್ತದೆ. ಅಡಾಪ್ಟಿವ್ ದಾರಿ ಮೂಲೆಯನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಕೆರೆಯುತ್ತದೆ. ಹೊರೆ ಸಮನಾಗಿರುವುದರಿಂದ ಶ್ರುತಿ ಕದಲುವುದಿಲ್ಲ. ಅಗ್ಗದ್ದೂ ಇದನ್ನು ಚೆನ್ನಾಗಿಯೇ ಮಾಡಿತು. ಸುತ್ತು ಸುತ್ತಿನ ನಡುವೆ ಕಟರ್ ಮೇಲೆದ್ದು ಗಾಳಿಯಲ್ಲಿ ಅಲೆಯುವುದು ಮಾತ್ರ ಜಾಸ್ತಿ. ಹತ್ತು ಪೀಸಿನ ಆರ್ಡರಿಗೆ ಆ ಅಲೆದಾಟ ಲೆಕ್ಕಕ್ಕಿಲ್ಲ. ಸಾವಿರ ಪೀಸಿಗೆ ಅದೂ ಖರ್ಚೇ.

ಎಡವಿದ್ದು ಬೇರೆ ಕಡೆ. ಲೆಕ್ಕ ಹಾಕಿದ ದಾರಿಯನ್ನು ಮೆಷಿನ್‌ಗೆ ತಿಳಿಯುವ ಜಿ-ಕೋಡ್ ಆಗಿ ಬರೆದುಕೊಡುವುದು ಪೋಸ್ಟ್ ಪ್ರೊಸೆಸರ್. ಜಿ-ಕೋಡ್ ಹೆಸರಿಗೆ ಒಂದೇ ಭಾಷೆ. ನಮ್ಮ ಕನ್ನಡದ ಹಾಗೆ ಧಾರವಾಡದಲ್ಲೊಂದು, ಮಂಗಳೂರಲ್ಲೊಂದು. ಆಳದ ತೂತನ್ನು ಬಿಟ್ಟು ಬಿಟ್ಟು ಕೊರೆಯಲು ಫ್ಯಾನುಕ್ ಕಂಟ್ರೋಲರ್‌ಗೆ ಜಿ83 ಎನ್ನಬೇಕು. ಸೈಮೆನ್ಸ್ ತನ್ನ ಮಾತಿನಲ್ಲಿ ಸೈಕಲ್83 ಎನ್ನುತ್ತದೆ. ಹಳೆಯ ತಂತ್ರಾಂಶ ಮಾರಿದವನು ಈ ಮೆಷಿನ್‌ಗೆ ಒಗ್ಗುವ ಪೋಸ್ಟನ್ನು ಕೂತು ತಿದ್ದಿಕೊಟ್ಟಿದ್ದ. ಹೊಸದರ ಪಟ್ಟಿಯಲ್ಲಿ ಗೆಳೆಯ ಮೊದಲು ಕಂಡದ್ದನ್ನು ಒತ್ತಿದ. ಅದು ಮರ ಕೆತ್ತುವ ರೌಟರ್‌ಗೆ ಬರೆದದ್ದು.

ಸೈಕಲ್ ಸ್ಟಾರ್ಟ್ ಒತ್ತುವ ಮೊದಲು ಆಪರೇಟರ್ ಹುಡುಗ ಪರದೆಯ ಮೇಲೆ ಕೋಡ್ ಓದಿದ. "ಸಾರ್, ಇದರಲ್ಲಿ ಜಿ ನಲವತ್ಮೂರು ಇಲ್ವಲ್ಲ?"

ಜಿ43 ಎಂದರೆ ಟೂಲಿನ ಉದ್ದವನ್ನು ಲೆಕ್ಕಕ್ಕೆ ಹಿಡಿ ಎಂಬ ಆಜ್ಞೆ. ಸಣ್ಣ ರೌಟರ್‌ನಲ್ಲಿ ಬಿಟ್ ಬದಲಿಸಿದಾಗೆಲ್ಲ ಕೈಯಾರೆ ಮುಟ್ಟಿಸಿ ಸೊನ್ನೆ ಮಾಡಿಕೊಳ್ಳುವುದರಿಂದ ಅದು ಬೇಕಾಗುವುದಿಲ್ಲ. ಇಲ್ಲಿ ಪ್ರತಿ ಟೂಲಿನ ಉದ್ದವೂ ಅಳೆದು ಆಫ್‌ಸೆಟ್ ಪುಟದಲ್ಲಿ ಬರೆದಿಟ್ಟದ್ದು. ಆ ಒಂದು ಸಾಲು ತಪ್ಪಿದರೆ, ತುದಿಯಲ್ಲಿ ಟೂಲೇ ಇಲ್ಲವೆಂದು ಬಗೆದು ಸ್ಪಿಂಡಲ್ ಇಳಿಯುತ್ತದೆ. ಅಂದು ತುದಿಯಲ್ಲಿ 100 ಎಂಎಂ ಉದ್ದದ ಟೂಲ್ ಇತ್ತು, ಕೆಳಗೆ ವೈಸ್ ಇತ್ತು.

ಅಗ್ಗದ್ದಕ್ಕೆ ಹೊರಟವರಿಗೆ ನನ್ನ ಮಾತಿಷ್ಟು. ಹಳೆಯ ಪರವಾನಗಿ ಮುಗಿಯುವ ಮೊದಲೇ ಮಾಡೆಲ್‌ಗಳನ್ನೆಲ್ಲ ಸ್ಟೆಪ್ ಫೈಲ್ ಮಾಡಿಟ್ಟುಕೊಳ್ಳಿ. ಚೆನ್ನಾಗಿ ಓಡಿದ ಹಳೆಯ ಪ್ರೋಗ್ರಾಮೊಂದನ್ನು ಪಕ್ಕಕ್ಕಿಟ್ಟು ಹೊಸದರ ತಲೆ, ಬಾಲ, ಟೂಲ್ ಬದಲಾಗುವ ಜಾಗಗಳನ್ನು ಸಾಲು ಸಾಲಾಗಿ ಹೋಲಿಸಿ. ಮೊದಲ ಓಟದಲ್ಲಿ ಸಿಂಗಲ್ ಬ್ಲಾಕ್ ಹಾಕಿ, ರ‍್ಯಾಪಿಡ್ ತಗ್ಗಿಸಿ. ಪರದೆ ಹೇಳುವ ಉಳಿದ ದೂರಕ್ಕೂ ಕಣ್ಣಿಗೆ ಕಾಣುವ ದೂರಕ್ಕೂ ತಾಳೆ ಇದೆಯೇ ನೋಡಿ.

ಪೋಸ್ಟ್ ಈಗ ಸರಿಯಾಗಿದೆ. ತಿದ್ದಿದ್ದು ಆ ಹುಡುಗನೇ, ಎರಡು ಭಾನುವಾರ ಕೂತು. ಅವನ ಸಂಬಳವೂ ಏರಿತು. ಎಎಂಸಿಯಲ್ಲಿ ಉಳಿದದ್ದರ ಅರ್ಧ ಅಲ್ಲಿಗೇ ಹೋಯಿತೆಂದು ಗೆಳೆಯ ಗೊಣಗುತ್ತಾನೆ. ಗೊಣಗಲಿ. ಮೊದಲು ಒಂದು ಸಾಲು ತಿದ್ದಿಸಲು ಫೋನ್ ಮಾಡಿ ಎರಡು ದಿನ ಕಾಯಬೇಕಿತ್ತು. ಈಗ ಲೇತ್ ಆಚೆಗೆ ಒಂದು ಕೂಗು ಹಾಕಿದರೆ ಸಾಕು.