‘ಪಾಳು’ ಎಂಬ ಮಾತು: ದುರ್ಗದ ಗುಡ್ಡಗಳೂ ಗಾಳಿಯಂತ್ರಗಳೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಗುಡ್ಡಗಳ ನೆತ್ತಿಯಲ್ಲಿ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ಬಗೆಯಾಗಿರುವುವು. ಹೊಗೆಯಿಲ್ಲದ ವಿದ್ಯುಚ್ಛಕ್ತಿಯೆಂದು ಕೊಂಡಾಡುವುದು ಒಂದು. ಗಿರಿಗಳ ಚೆಲುವು ಕೆಟ್ಟಿತೆಂದು ಹಲುಬುವುದು ಮತ್ತೊಂದು. ಎರಡೂ ದೂರದಿಂದ ನೋಡುವವರ ಮಾತುಗಳು. ಗುಡ್ಡದ ಬುಡದಲ್ಲಿ ಬಾಳುವವರ ಮನಸ್ಸನ್ನು ಅರಿಯಬೇಕಾದರೆ ‘ಪಾಳುಭೂಮಿ’ ಎಂಬ ಶಬ್ದವನ್ನು ಮೊದಲು ಪರೀಕ್ಷಿಸತಕ್ಕದ್ದು.

ಕಡಲಿನ ದೃಷ್ಟಾಂತವು ಇಲ್ಲಿ ಉಪಯುಕ್ತವಾಗಿದೆ. ಸಮುದ್ರದಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವ ಕಾರ್ಯವು 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ 11 ಯಂತ್ರಗಳಿಂದ ಮೊದಲಾಯಿತು. ಭಾರತ ಸರಕಾರವೂ 2015ರಲ್ಲಿ ಇದಕ್ಕಾಗಿ ಒಂದು ನೀತಿಯನ್ನು ಅಂಗೀಕರಿಸಿತು. ದಡದಲ್ಲಿ ನಿಂತವನಿಗೆ ಕಡಲು ಬರಿಯ ಬಯಲು; ಬಲೆ ಬೀಸುವವನಿಗೆ ಅದು ಮೀನಿನ ನೆಲೆ, ದೋಣಿಯ ದಾರಿ. ಆದಕಾರಣ ಕರಾವಳಿಯವರ ಆಕ್ಷೇಪವೆಲ್ಲವೂ ನೋಟದ ಆಕ್ಷೇಪವಲ್ಲ.

ನಮ್ಮ ಗುಡ್ಡಗಳಿಗೂ ಈ ನ್ಯಾಯವೇ ಸಲ್ಲುವುದು. ಅವುಗಳಿಗೆ ಮೂರು ಅರ್ಥಗಳು ಉಂಟಾಗಿವೆ. ತ. ರಾ. ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದವರಿಗೆ ಗುಡ್ಡವೆಂದರೆ ಕೋಟೆ. 2000ದಲ್ಲಿ ಪ್ರಕಟವಾದ ಭಾರತದ ಪಾಳುಭೂಮಿಗಳ ನಕ್ಷಾಸಂಪುಟವು ಕುರುಚಲು ನೆಲವನ್ನೂ ಸವೆದ ಗೋಮಾಳವನ್ನೂ ಪಾಳಿನ ಲೆಕ್ಕಕ್ಕೆ ಸೇರಿಸಿತು. ಆದರೆ ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪರ ಕಾವ್ಯಗಳಲ್ಲಿಯೂ ಮ್ಯಾಸಬೇಡರ ಗಾದ್ರಿಪಾಲನಾಯಕನ ಕಥೆಯಲ್ಲಿಯೂ ನಾಯಕರು ದನಗಾಹಿಗಳು. ಅಲ್ಲಿ ಗುಡ್ಡವೆಂದರೆ ಮೇವು, ನೀರು, ಹಟ್ಟಿಯ ಮರ್ಯಾದೆ.

ಕಾವ್ಯವು ಹಕ್ಕುಪತ್ರವಲ್ಲವೆಂದು ಪ್ರತಿವಾದಿಗಳು ಹೇಳಬಹುದು, ಒಪ್ಪತಕ್ಕ ಮಾತೇ. ಯಂತ್ರದ ಬುಡವು ಹಿಡಿಯುವ ನೆಲವು ಅಲ್ಪ. ಎರಡು ಕಂಬಗಳ ನಡುವೆ ಕುರಿ ಮೇಯಲು ಅಡ್ಡಿಯಿಲ್ಲ. ಜಮೀನಿಗೆ ಹಣ ದೊರೆತ ರೈತನು ಯಂತ್ರವನ್ನು ಬಯಸಿದರೆ ಅದೂ ಜನಾಭಿಪ್ರಾಯವೇ. ಆದರೆ ಉದ್ದನೆಯ ರೆಕ್ಕೆಗಳನ್ನು ಮೇಲಕ್ಕೆ ಸಾಗಿಸಲು ಇಳಿಜಾರನ್ನು ಕಡಿದು ಅಗಲವಾದ ದಾರಿ ಮಾಡಬೇಕಾಗುವುದು. ಕಡಿದ ಮಣ್ಣು ಮಳೆಯಲ್ಲಿ ಕೆಳಗಿಳಿಯುವುದು. ಪಟ್ಟಾದಾರನಿಗೆ ಹಣ ಸಂದಾಯವಾಗುವುದು. ಪಟ್ಟಾ ಇಲ್ಲದೆ ಮೇಯಿಸುವವನನ್ನು ಕೇಳುವವರು ಯಾರು?

‘ಪಾಳು’ ಎಂದೊಡನೆ ಈ ಪ್ರಶ್ನೆಯು ಕೇಳುವ ಮೊದಲೇ ತೀರ್ಮಾನವಾಗಿಬಿಡುವುದು: ಪಾಳು ನೆಲದಲ್ಲಿ ಕಳೆದುಕೊಳ್ಳುವವನೇ ಇಲ್ಲವಲ್ಲ! ಗಾಳಿಯಂತ್ರವು ಬೇಡವೆಂಬುದು ನಮ್ಮ ವಾದವಲ್ಲ. ಕಲ್ಲಿದ್ದಲಿನ ಹೊಗೆಗಿಂತ ಅದು ಮೇಲೆಂಬುದು ನಿರ್ವಿವಾದ. ಆದರೆ ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ಒಂದು ಕರ್ತವ್ಯವುಂಟು. ಹುಲ್ಲಿಗೆ, ಹಳ್ಳಕ್ಕೆ, ಬಾರೆಗೆ ಹಟ್ಟಿಗಳಲ್ಲಿ ಬಳಕೆಯಲ್ಲಿರುವ ಹೆಸರುಗಳನ್ನು ವಿದ್ಯಾರ್ಥಿಗಳಿಂದ ಸಂಗ್ರಹಿಸಿ ಕೋಶಕ್ಕೆ ಸೇರಿಸಲಿ. ಹೆಸರುಳ್ಳ ನೆಲವನ್ನು ಪಾಳೆಂದು ಕರೆಯುವುದು ಅಷ್ಟು ಸುಲಭವಾಗಲಾರದು.